ಮದ್ದಿನ ಬೆನ್ನಿಗೆ ಬಂದ ಭೇದಿ: ಒಂದು ರೋಗದ ಚರಿತ್ರೆ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲೂಕುಗಳ ಜನಕ್ಕೆ ಭೇದಿ ಎಂಬ ಮಾತು ಹೊಸದಲ್ಲ. ಮಳೆ ಕಡಿಮೆ, ನೀರು ದೂರ. ಪಾವಗಡದ ಕಡೆ ಸಿಕ್ಕ ನೀರಿನಲ್ಲೂ ಫ್ಲೋರೈಡ್. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ, ಇಲ್ಲವೇ ಊರ ಜಾತ್ರೆ ಮುಗಿದ ಮಾರನೆಯ ದಿನ, ಆಸ್ಪತ್ರೆಯ ಹಾಸಿಗೆಗಳು ವಾಂತಿಭೇದಿಯವರಿಂದ ತುಂಬುವುದನ್ನು ನಾವೆಲ್ಲ ಕಂಡವರೇ. 2024ರ ಜೂನ್ ತಿಂಗಳಲ್ಲಿ ಮಧುಗಿರಿ ತಾಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ನಂತರ ವಾಂತಿಭೇದಿ ಹರಡಿ ಜೀವಗಳೇ ಹೋದವು. ಹೀಗಾಗಿ ಭೇದಿ ಎಂದರೆ ನೀರಿನ ರೋಗ, ಅನ್ನದ ರೋಗ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಅದು ತಪ್ಪೂ ಅಲ್ಲ.

ಆದರೆ ಇನ್ನೊಂದು ಬಗೆಯ ಭೇದಿಯಿದೆ. ಅದು ಬಾವಿಯಿಂದ ಬರುವುದಿಲ್ಲ, ಔಷಧಿಯ ಬೆನ್ನು ಹಿಡಿದು ಬರುತ್ತದೆ. ಗಂಟಲು ನೋವಿಗೋ, ಹಲ್ಲು ನೋವಿಗೋ, ಆಪರೇಷನ್ನಿನ ಗಾಯಕ್ಕೋ ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಕೆಲವು ದಿನ ಅಥವಾ ಕೆಲವು ವಾರಗಳ ನಂತರ ಶುರುವಾಗುತ್ತದೆ. ನಮ್ಮ ಕಡೆ ಇದನ್ನು ಹೆಚ್ಚಿನವರು "ಪವರ್ ಮಾತ್ರೆ ನುಂಗಿ ಉಷ್ಣ ಆಯಿತು" ಎಂದು ಹೇಳಿ ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಬಹುತೇಕ ಸಲ ಅದು ತಾನಾಗಿ ನಿಲ್ಲುವುದೂ ನಿಜ. ನಿಲ್ಲದೆ ಹೋದಾಗ ಅದರ ಹಿಂದೆ ಇರಬಹುದಾದ ಒಂದು ರೋಗಾಣುವಿನ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಇದರ ಚರಿತ್ರೆ ಒಂದು ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಂಡು ಹೋಗುವಂಥದು.

ಭಾಷೆ ಕಲಿಸುವವನಾದ್ದರಿಂದ ಹೆಸರುಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಯುನಾನಿ ಹಕೀಮರು ಭೇದಿಗೆ ಇಸ್ಹಾಲ್ ಎನ್ನುತ್ತಾರೆ. ರಕ್ತ, ಸಿಂಬಳ, ಹೊಟ್ಟೆ ನುಲಿತ ಇರುವ ಆಮಶಂಕೆಗೆ ಪೇಚಿಶ್. ಅದು ತಿರುಚು ಎಂಬರ್ಥದ ಫಾರಸಿ ಮೂಲದ್ದು. ಕಾಲರಾಗೆ ಹೈಜಾ. ಇಸ್ಹಾಲ್ ಎಂಬ ಪದ ಅರಬ್ಬಿಯ ಸಹಲ್ ಎಂಬ ಧಾತುವಿನಿಂದ ಬಂದದ್ದು. ಸಹಲ್ ಎಂದರೆ ಸುಲಭ. ಇತ್ತ ಡಿಫಿಸಿಲ್ ಎಂಬ ಲ್ಯಾಟಿನ್ ಪದಕ್ಕೆ ಕಷ್ಟ ಎಂದೇ ಅರ್ಥ. ಒಂದೇ ಕಾಯಿಲೆಯಲ್ಲಿ ಒಂದು ಭಾಷೆಗೆ ಸುಲಭ ಕಂಡಿತು, ಇನ್ನೊಂದಕ್ಕೆ ಕಷ್ಟ ಕಂಡಿತು! ಈ ರೋಗಾಣುವಿನ ಮಟ್ಟಿಗಂತೂ ಲ್ಯಾಟಿನ್ ಹೆಸರೇ ಸರಿಯಾದದ್ದು.

ಕತೆ ಆರಂಭವಾಗುವುದು ಆಂಟಿಬಯೋಟಿಕ್‌ಗಳಿಗಿಂತ ಮೊದಲೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಜಾನ್ ಫಿನ್ನಿ ಎಂಬ ಶಸ್ತ್ರವೈದ್ಯರು ಒಬ್ಬ ಯುವತಿಯ ಜಠರಕ್ಕೆ ಆಪರೇಷನ್ ಮಾಡಿದ್ದರು. ಕೆಲವು ದಿನಗಳಲ್ಲಿ ಆಕೆಗೆ ರಕ್ತಭೇದಿ ಕಾಣಿಸಿಕೊಂಡಿತು, ಆಕೆ ಬದುಕಲಿಲ್ಲ. ಶವಪರೀಕ್ಷೆಯಲ್ಲಿ ಕರುಳಿನ ಒಳಗೋಡೆಯ ಮೇಲೆ ಗಂಟಲಮಾರಿಯಲ್ಲಿ ಗಂಟಲೊಳಗೆ ಕಟ್ಟುವಂಥದೇ ಒಂದು ಪೊರೆ ಕಂಡಿತು. ಫಿನ್ನಿ ಇದನ್ನು 1893ರಲ್ಲಿ ವರದಿ ಮಾಡಿದರು. ಕಾರಣ ಮಾತ್ರ ಗೊತ್ತಾಗಲಿಲ್ಲ.

ಅಪರಾಧಿ ಮೊದಲ ಬಾರಿ ಕೈಗೆ ಸಿಕ್ಕಿದ್ದು 1935ರಲ್ಲಿ, ಅದೂ ಅಪರಾಧಿಯೆಂದು ಅಲ್ಲ. ಐವನ್ ಹಾಲ್ ಮತ್ತು ಎಲಿಜಬೆತ್ ಓಟೂಲ್ ಎಂಬಿಬ್ಬರು ಆಗತಾನೆ ಹುಟ್ಟಿದ ಶಿಶುಗಳ ಮಲದಲ್ಲಿ ಯಾವ ಯಾವ ಬ್ಯಾಕ್ಟೀರಿಯಾಗಳಿವೆ ಎಂದು ಪಟ್ಟಿ ಮಾಡುತ್ತಿದ್ದರು. ಅವುಗಳಲ್ಲಿ ಒಂದು ಗಾಳಿ ತಾಗಿದರೆ ಸಾಯುತ್ತಿತ್ತು, ಬೆಳೆಯಲು ಸತಾಯಿಸುತ್ತಿತ್ತು. ಬೇರ್ಪಡಿಸಲು ಪಟ್ಟ ಪಾಡಿನಿಂದಲೇ ಅದಕ್ಕೆ ಬ್ಯಾಸಿಲಸ್ ಡಿಫಿಸಿಲಿಸ್ ಎಂದು ಹೆಸರಿಟ್ಟರು. ಪ್ರಯೋಗದ ಪ್ರಾಣಿಗಳಿಗೆ ಅದರ ವಿಷ ಮಾರಕವಾಗಿತ್ತು, ಶಿಶುಗಳು ಮಾತ್ರ ಆರೋಗ್ಯವಾಗಿದ್ದವು! ಈ ವಿಚಿತ್ರವನ್ನು ಅವರು ಬರೆದಿಟ್ಟರು. ನಂತರ ಸುಮಾರು ನಲವತ್ತು ವರ್ಷ ಅದರ ಕಡೆ ಹೆಚ್ಚು ಜನ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಪೆನಿಸಿಲಿನ್ ಯುಗ ಬಂತು. 1928ರಲ್ಲಿ ಫ್ಲೆಮಿಂಗ್ ಕಂಡ ಬೂಷ್ಟನ್ನು 1940ರ ಹೊತ್ತಿಗೆ ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಹೀಟ್ಲಿ ಔಷಧಿಯಾಗಿಸುವ ದಾರಿ ತೋರಿದರು. ಆ ಸಂಭ್ರಮದ ನಡುವೆಯೇ 1943ರಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು: ಪೆನಿಸಿಲಿನ್ ಕೊಟ್ಟ ಗಿನಿ ಇಲಿಗಳು ಸತ್ತಿವೆ, ಕರುಳು ಊದಿಕೊಂಡಿದೆ ಎಂದು. ಮನುಷ್ಯರನ್ನು ಬದುಕಿಸುವ ಔಷಧಿ ಗಿನಿ ಇಲಿಯನ್ನು ಕೊಂದರೆ ಕೇಳುವವರಾರು? ಯುದ್ಧದ ಕಾಲ ಬೇರೆ. ಈ ಸುಳಿವನ್ನು ಯಾರೂ ಬೆನ್ನಟ್ಟಲಿಲ್ಲ.

ನಮ್ಮ ದೇಶದಲ್ಲಿ 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಆಯಿತು. ನಮ್ಮ ರಾಜ್ಯದಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆ 1981ರಲ್ಲಿ ಸ್ಥಾಪನೆಯಾಗಿ 1984ರಿಂದ ಬೆಂಗಳೂರಿನ ಪೀಣ್ಯದಲ್ಲಿ ಉತ್ಪಾದನೆ ಆರಂಭಿಸಿತು. ಇವುಗಳಿಂದಾದ ಉಪಕಾರ ದೊಡ್ಡದು. ನ್ಯುಮೋನಿಯ, ಬಾಣಂತಿ ಜ್ವರ, ಕೀವುಗಟ್ಟಿದ ಗಾಯ ಇವುಗಳಿಂದ ಸಾಯುತ್ತಿದ್ದವರು ಬದುಕಿದರು. ಜೊತೆಗೇ ಇನ್ನೊಂದೂ ಆಯಿತು. ಔಷಧಿ ಅಗ್ಗವಾಗಿ ಹೋಬಳಿ ಮಟ್ಟದ ಮೆಡಿಕಲ್ ಸ್ಟೋರಿನ ಗಾಜಿನ ಡಬ್ಬಿಗೆ ಬಂದು ಕುಳಿತಿತು. 2010ರ ಲೆಕ್ಕದ ಪ್ರಕಾರ ಜಗತ್ತಿನಲ್ಲೇ ಅತಿ ಹೆಚ್ಚು ಆಂಟಿಬಯೋಟಿಕ್ ಬಳಸಿದ ದೇಶ ಭಾರತ. ಆ ವರ್ಷ ಸುಮಾರು 1,290 ಕೋಟಿ ಗುಳಿಗೆ, ಚುಚ್ಚುಮದ್ದುಗಳ ಪ್ರಮಾಣ.

ಮತ್ತೆ ಕತೆಗೆ ಬರೋಣ. 1950ರ ದಶಕದಲ್ಲಿ ಆಪರೇಷನ್ ಆಗಿ ಆಂಟಿಬಯೋಟಿಕ್ ಪಡೆದವರಲ್ಲಿ ಫಿನ್ನಿ ಕಂಡ ಪೊರೆಯ ಭೇದಿ ಮತ್ತೆ ಮತ್ತೆ ಕಾಣಿಸತೊಡಗಿತು. ವೈದ್ಯರು ಅಂದಿನ ಕುಖ್ಯಾತ ರೋಗಾಣುವಾದ ಸ್ಟಾಫಿಲೋಕಾಕಸ್ ಮೇಲೆ ತಪ್ಪು ಹೊರಿಸಿದರು. ಅದೇ ಕಾಲಕ್ಕೆ ಬೋರ್ನಿಯೋ ದ್ವೀಪದಿಂದ ಒಬ್ಬ ಪಾದ್ರಿ ಕಳಿಸಿದ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಎಲಿ ಲಿಲ್ಲಿ ಕಂಪನಿಯವರು ವ್ಯಾಂಕೋಮೈಸಿನ್ ಎಂಬ ಔಷಧಿ ತೆಗೆದಿದ್ದರು. 1958ರಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಸ್ಟಾಫಿಲೋಕಾಕಸ್ಸನ್ನು ಕೊಲ್ಲಲೆಂದು ಬಾಯಿಯ ಮೂಲಕ ಕೊಟ್ಟರು, ರೋಗಿಗಳು ಗುಣವಾದರು. ಕಾರಣ ತಪ್ಪು, ಮದ್ದು ಸರಿ! ಮದ್ದು ಸರಿಯಾದ್ದರಿಂದಲೇ ತಪ್ಪು ಕಾರಣ ಇಪ್ಪತ್ತು ವರ್ಷ ಬದುಕಿತು ಎಂದು ನನಗನಿಸುತ್ತದೆ.

1958ರಲ್ಲೇ ಡೆನ್ವರ್ ನಗರದ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯರು ಇನ್ನೂ ವಿಚಿತ್ರವಾದ ಕೆಲಸ ಮಾಡಿದ್ದರು. ಸಾಯುವ ಸ್ಥಿತಿಯಲ್ಲಿದ್ದ ನಾಲ್ವರಿಗೆ ಆರೋಗ್ಯವಂತರ ಮಲವನ್ನು ಎನಿಮಾ ರೂಪದಲ್ಲಿ ಕೊಟ್ಟರು, ನಾಲ್ವರೂ ಚೇತರಿಸಿಕೊಂಡರು. ಓದಿದವರು ಮೂಗು ಮುರಿದಿರಬೇಕು. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಗುಟ್ಟು ಬಯಲಾಗಲು ಕಾರಣವಾದದ್ದು ಕ್ಲಿಂಡಾಮೈಸಿನ್ ಎಂಬ ಔಷಧಿ. 1974ರಲ್ಲಿ ಸೇಂಟ್ ಲೂಯಿಸ್‌ನ ಫ್ರಾನ್ಸಿಸ್ ಟೆಡೆಸ್ಕೋ ಎಂಬ ವೈದ್ಯರು ಈ ಔಷಧಿ ಪಡೆದ 200 ರೋಗಿಗಳನ್ನು ಗಮನಿಸಿದರು. ಶೇ. 21 ಜನರಿಗೆ ಭೇದಿ, ಶೇ. 10 ಜನರ ಕರುಳಿನಲ್ಲಿ ಆ ಹಳೆಯ ಪೊರೆ. ಹುಡುಕಿದರೆ ಸ್ಟಾಫಿಲೋಕಾಕಸ್ ಸಿಗಲಿಲ್ಲ. ಈಗ ಎಲ್ಲರ ಕಿವಿ ನೆಟ್ಟಗಾಯಿತು.

ಪ್ರಯೋಗಾಲಯದಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗೆ ಕ್ಲಿಂಡಾಮೈಸಿನ್ ಕೊಟ್ಟರೆ ಅದಕ್ಕೂ ಅದೇ ರೋಗ ಬಂತು. ಆ ಪ್ರಾಣಿಗಳ, ರೋಗಿಗಳ ಮಲದ ತಿಳಿಯನ್ನು ಗಾಜಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿದರೆ ಕೋಶಗಳು ಸಾಯುತ್ತಿದ್ದವು. ಅಂದರೆ ಅಲ್ಲೊಂದು ವಿಷವಿದೆ. ಆ ವಿಷವನ್ನು ಯಾವ ಪ್ರತಿವಿಷ ತಡೆಯುತ್ತದೆಂದು ನೋಡಿದಾಗ ಕ್ಲಾಸ್ಟ್ರಿಡಿಯಂ ಸೋರ್ಡೆಲ್ಲಿ ಎಂಬ ಬೇರೆಯೇ ರೋಗಾಣುವಿನ ಪ್ರತಿವಿಷ ತಡೆಯಿತು. ಹಾಗಾದರೆ ಕಳ್ಳ ಸೋರ್ಡೆಲ್ಲಿಯೇ ಎಂದುಕೊಂಡರು. ಆದರೆ ಮಲದಲ್ಲಿ ಅದು ಸಿಗಲಿಲ್ಲ. ಸಿಕ್ಕಿದ್ದು 1935ರ ಆ ಸತಾಯಿಸುವ ಡಿಫಿಸಿಲ್. ಎರಡರ ವಿಷಗಳು ಅಣ್ಣತಮ್ಮಂದಿರಷ್ಟು ಹೋಲುತ್ತಿದ್ದುದರಿಂದ ಪ್ರತಿವಿಷ ಮೋಸಹೋಗಿತ್ತು. ಅಮೆರಿಕದಲ್ಲಿ ಜಾನ್ ಬಾರ್ಟ್ಲೆಟ್ ಮತ್ತು ಸಂಗಡಿಗರು, ಇಂಗ್ಲೆಂಡಿನಲ್ಲಿ ಲಾರ್ಸನ್ ಮತ್ತು ಸಂಗಡಿಗರು 1977-78ರಲ್ಲಿ ಇದನ್ನು ಖಚಿತಪಡಿಸಿದರು. ಫಿನ್ನಿಯ ರೋಗಿ ತೀರಿಕೊಂಡು ಎಂಟು ದಶಕಗಳ ಮೇಲಾಗಿತ್ತು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ಕೆರೆಯ ಉದಾಹರಣೆಯಿಂದ ಹೇಳಬಹುದು. ತುಂಬಿದ ಕೆರೆಯಲ್ಲಿ ಮೀನು, ಕಪ್ಪೆ, ಹುಳು, ಪಾಚಿ ಎಲ್ಲ ತಮ್ಮ ತಮ್ಮ ಜಾಗ ಹಿಡಿದಿರುವಾಗ ಹೊಸ ಕಳೆ ಸುಲಭವಾಗಿ ಹಬ್ಬುವುದಿಲ್ಲ. ಯಾರೋ ವಿಷ ಬೆರೆಸಿ ಎಲ್ಲವನ್ನೂ ಕೊಂದರೆ, ಕೆಸರಿನಲ್ಲಿ ಗಟ್ಟಿ ಬೀಜವಾಗಿ ಕುಳಿತಿದ್ದ ಕಳೆ ಮೊದಲು ಎದ್ದು ಕೆರೆಯನ್ನೆಲ್ಲ ಆವರಿಸುತ್ತದೆ. ನಮ್ಮ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಉಪಕಾರಿ ಜೀವಿಗಳಿವೆ. ಆಂಟಿಬಯೋಟಿಕ್ ರೋಗದ ಜೊತೆ ಇವುಗಳಲ್ಲೂ ಬಹಳಷ್ಟನ್ನು ಕೊಲ್ಲುತ್ತದೆ. ಡಿಫಿಸಿಲ್ ಮಾತ್ರ ಬೀಜಕದ ರೂಪದಲ್ಲಿ ಗಟ್ಟಿ ಸಿಪ್ಪೆಯೊಳಗೆ ಕುಳಿತಿದ್ದು, ಜಾಗ ಖಾಲಿಯಾದೊಡನೆ ಮೊಳೆತು ಎರಡು ವಿಷಗಳನ್ನು ಉಗುಳುತ್ತದೆ. ಕರುಳಿನ ಗೋಡೆ ಹುಣ್ಣಾಗುವುದು ಆ ವಿಷದಿಂದ.

ಈ ವಂಶ ನಮಗೆ ಅಪರಿಚಿತವೂ ಅಲ್ಲ. ಶಿರಾ, ಪಾವಗಡ, ಮಧುಗಿರಿಯ ಕುರಿಗಾಹಿಗಳು ಮಳೆಗಾಲಕ್ಕೆ ಮುಂಚೆ ಮಂದೆಗೆ ಕರುಳುಬೇನೆಯ ಲಸಿಕೆ ಹಾಕಿಸುತ್ತಾರಲ್ಲ, ಆ ರೋಗದ ಕಾರಣ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ತುಕ್ಕು ಮೊಳೆ ಚುಚ್ಚಿದರೆ ಹೆದರುವ ಧನುರ್ವಾಯುವಿನ ಕಾರಣ ಕ್ಲಾಸ್ಟ್ರಿಡಿಯಂ ಟೆಟಾನಿ. ಡಿಫಿಸಿಲ್ಲನ್ನೂ ಇದೇ ಮನೆಯದೆಂದು ಕ್ಲಾಸ್ಟ್ರಿಡಿಯಂ ಎಂದೇ ಕರೆಯುತ್ತಿದ್ದರು. 2016ರಲ್ಲಿ ವಿಜ್ಞಾನಿಗಳು ಅದಕ್ಕೆ ಬೇರೆ ಮನೆ ಹಾಕಿಕೊಟ್ಟು ಕ್ಲಾಸ್ಟ್ರಿಡಿಯಾಯ್ಡಿಸ್ ಎಂದರು. ಕುರಿ ಸಾಕುವ ಮನೆಯವರಿಗೆ ವಿಷ ಉಗುಳುವ ಕರುಳಿನ ರೋಗಾಣುವನ್ನು ನಾವು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ರೋಗ ಪತ್ತೆಯ ವಿಷಯ. ಆಂಟಿಬಯೋಟಿಕ್ ತೆಗೆದುಕೊಂಡ ನಂತರ ಬರುವ ಭೇದಿಯೆಲ್ಲ ಇದಲ್ಲ, ಶೇ. 10ರಿಂದ 25ರಷ್ಟು ಮಾತ್ರ ಡಿಫಿಸಿಲ್‌ನಿಂದ. ಆದ್ದರಿಂದ ಒಮ್ಮೆ ಸಡಿಲವಾಯಿತೆಂದು ಗಾಬರಿಬೀಳುವುದು ಬೇಡ. ಬೇರೆ ಕಾರಣವಿಲ್ಲದೆ, ಜುಲಾಬು ತೆಗೆದುಕೊಳ್ಳದೆ, 24 ಗಂಟೆಯೊಳಗೆ ಮೂರು ಅಥವಾ ಹೆಚ್ಚು ಸಲ ಹೊಸದಾಗಿ ನೀರಾದ ಭೇದಿಯಾದರೆ ವೈದ್ಯರು ಈ ದಿಕ್ಕಿನಲ್ಲಿ ಯೋಚಿಸುತ್ತಾರೆ. ವಯಸ್ಸು 65 ದಾಟಿದ್ದರೆ, ಇತ್ತೀಚೆಗೆ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರೆ ಅನುಮಾನ ಬಲವಾಗುತ್ತದೆ. "ಗ್ಯಾಸ್ ಮಾತ್ರೆ" ಎಂದು ನಾವು ದಿನಾ ಬೆಳಿಗ್ಗೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳಿಗೂ ಈ ರೋಗಕ್ಕೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ. ಕೊನೆಯ ಗುಳಿಗೆ ನುಂಗಿ ಒಂದೆರಡು ತಿಂಗಳಾದ ಮೇಲೂ ರೋಗ ಬರಬಹುದು. ಹೀಗಾಗಿ ಡಾಕ್ಟರರ ಮುಂದೆ ಕುಳಿತಾಗ ಇಂದು ಏನು ತಿಂದೆ ಎಂಬುದರ ಜೊತೆಗೆ, ಕಳೆದ ಮೂರು ತಿಂಗಳಲ್ಲಿ ಯಾವ ಮಾತ್ರೆ ನುಂಗಿದೆ ಎಂಬುದನ್ನೂ ಹೇಳಬೇಕು. ಖಾಲಿ ಸ್ಟ್ರಿಪ್ ಇದ್ದರೆ ಜೇಬಿನಲ್ಲಿಟ್ಟುಕೊಂಡು ಹೋಗುವುದು ಮೇಲು. ನಮ್ಮವರು "ಒಂದು ಕೆಂಪು ಮಾತ್ರೆ, ಒಂದು ಹಳದಿ ಮಾತ್ರೆ" ಎಂದರೆ ಪಾಪ ಡಾಕ್ಟರು ತಾನೇ ಏನು ಮಾಡಿಯಾರು?

ಪರೀಕ್ಷೆ ಮಲದ ಮೇಲೆ ನಡೆಯುತ್ತದೆ. 1980ರ ದಶಕದಿಂದ ವಿಷವನ್ನೇ ಹುಡುಕುವ ಎಲೈಸಾ ಪರೀಕ್ಷೆ ಬಂತು. 2009ರ ನಂತರ ವಿಷದ ಜೀನನ್ನು ಹುಡುಕುವ ಪಿಸಿಆರ್ ಬಂತು. ಪಿಸಿಆರ್ ಬಹಳ ಸೂಕ್ಷ್ಮ, ಅದೇ ಅದರ ತೊಡಕು. ರೋಗವಿಲ್ಲದೆ ರೋಗಾಣುವನ್ನು ಹೊತ್ತು ತಿರುಗುವವರಲ್ಲೂ ಅದು ಪಾಸಿಟಿವ್ ಎನ್ನುತ್ತದೆ. ಹಾಲ್ ಮತ್ತು ಓಟೂಲ್ ಕಂಡ ಶಿಶುಗಳನ್ನು ನೆನೆಯಿರಿ. ಈ ಕಾರಣಕ್ಕೇ ಒಂದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಮಾಡುವುದಿಲ್ಲ, ಗಟ್ಟಿಯಾದ ಮಲವನ್ನು ಪರೀಕ್ಷಿಸುವುದಿಲ್ಲ, ಗುಣವಾದ ಮೇಲೆ "ಹೋಯಿತೋ ಇಲ್ಲವೋ" ಎಂದು ಮತ್ತೆ ಪರೀಕ್ಷಿಸುವುದೂ ಇಲ್ಲ. ನಮ್ಮ ದೇಶದಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಚೇತನಾ ವೈಷ್ಣವಿ ಅವರು ವರ್ಷಗಟ್ಟಲೆ ಈ ರೋಗಾಣುವಿನ ಮೇಲೆ ಕೆಲಸ ಮಾಡಿ, ಇದು ಬರೀ ಶ್ರೀಮಂತ ದೇಶಗಳ ಕಾಯಿಲೆಯಲ್ಲ ಎಂಬುದನ್ನು ತೋರಿಸಿದವರಲ್ಲಿ ಪ್ರಮುಖರು.

ಚಿಕಿತ್ಸೆಯ ಮೊದಲ ಹೆಜ್ಜೆ, ಸಾಧ್ಯವಾದರೆ, ರೋಗಕ್ಕೆ ಕಾರಣವಾದ ಆಂಟಿಬಯೋಟಿಕ್ಕನ್ನು ನಿಲ್ಲಿಸುವುದು. ನಿಲ್ಲಿಸುವ ತೀರ್ಮಾನ ವೈದ್ಯರದು. ಕ್ಷಯದ ಔಷಧಿಯನ್ನು ಯಾರೂ ತಾವೇ ನಿಲ್ಲಿಸಬಾರದು. ನಂತರ ಬೋರ್ನಿಯೋ ಮಣ್ಣಿನ ಅದೇ ವ್ಯಾಂಕೋಮೈಸಿನ್, ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ಹತ್ತು ದಿನ. ಇಲ್ಲೊಂದು ಸ್ವಾರಸ್ಯವಿದೆ. ವ್ಯಾಂಕೋಮೈಸಿನ್ನನ್ನು ಬೇರೆ ರೋಗಗಳಿಗೆ ರಕ್ತನಾಳಕ್ಕೆ ಚುಚ್ಚುತ್ತಾರೆ, ಆದರೆ ಈ ರೋಗಕ್ಕೆ ಬಾಯಿಯಿಂದಲೇ ಕೊಡಬೇಕು. ಚುಚ್ಚಿದರೆ ಕರುಳಿನೊಳಕ್ಕೆ ಇಳಿಯುವುದಿಲ್ಲ, ನುಂಗಿದರೆ ರಕ್ತಕ್ಕೆ ಏರುವುದಿಲ್ಲ. ಡ್ರಿಪ್ ಹಾಕಿದರೇ ಚಿಕಿತ್ಸೆ ಎಂದು ನಂಬಿರುವ ನಮ್ಮ ಜನಕ್ಕೆ ಇದನ್ನು ಹೇಗೆ ಒಪ್ಪಿಸುವುದೋ! 2011ರಲ್ಲಿ ಫಿಡಾಕ್ಸೊಮೈಸಿನ್ ಎಂಬ ಹೊಸ ಔಷಧಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. 2021ರ ಅಲ್ಲಿನ ಮಾರ್ಗಸೂಚಿ ಅದಕ್ಕೇ ಮೊದಲ ಸ್ಥಾನ ಕೊಟ್ಟಿದೆ, ವ್ಯಾಂಕೋಮೈಸಿನ್ ಅದರ ಪಕ್ಕದಲ್ಲಿದೆ. ನಮಗೆಲ್ಲ ಚಿರಪರಿಚಿತವಾದ ಮೆಟ್ರೊನಿಡಜೋಲ್ ದಶಕಗಳ ಕಾಲ ಮೊದಲ ಆಯ್ಕೆಯಾಗಿತ್ತು. ಈಗ ಬೇರೆಯವು ಸಿಗದಿದ್ದಾಗ, ರೋಗ ತೀವ್ರವಲ್ಲದಿದ್ದಾಗ ಮಾತ್ರ ಎಂಬ ಸ್ಥಾನಕ್ಕೆ ಇಳಿದಿದೆ. ಪ್ರಾಣಾಂತಿಕ ಸ್ಥಿತಿಯಲ್ಲಿ ವ್ಯಾಂಕೋಮೈಸಿನ್ ಜೊತೆಗೆ ಅದನ್ನು ರಕ್ತನಾಳದ ಮೂಲಕ ಕೊಡುವುದುಂಟು.

ತೊಂದರೆ ಏನೆಂದರೆ ಗುಣವಾದವರಲ್ಲಿ ನಾಲ್ಕೈದು ಜನರಲ್ಲಿ ಒಬ್ಬರಿಗೆ ರೋಗ ಮರುಕಳಿಸುತ್ತದೆ. ಕೆರೆ ಇನ್ನೂ ಖಾಲಿಯೇ ಇರುತ್ತದಲ್ಲ! ಇಲ್ಲಿಗೆ ಐಸ್‌ಮನ್ ಅವರ ಹಳೆಯ ಉಪಾಯ ಮರಳಿ ಬಂತು. 2013ರಲ್ಲಿ ಆಮ್‌ಸ್ಟರ್‌ಡ್ಯಾಂನ ವೈದ್ಯರು ಮರುಕಳಿಸಿದ ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಕೊಳವೆಯ ಮೂಲಕ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಒಂದೇ ಸಲಕ್ಕೆ 16 ಜನರಲ್ಲಿ 13 ಮಂದಿ ಗುಣವಾದರು; ಬರೀ ವ್ಯಾಂಕೋಮೈಸಿನ್ ಪಡೆದ 13ರಲ್ಲಿ ಗುಣವಾದವರು 4. ಅಂತರ ಇಷ್ಟು ದೊಡ್ಡದಾದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಈಗ ಅದನ್ನೇ ಶುದ್ಧೀಕರಿಸಿದ ಔಷಧಿಗಳಿಗೆ ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಪರವಾನಗಿ ಸಿಕ್ಕಿದೆ, ಒಂದಂತೂ ಕ್ಯಾಪ್ಸೂಲ್ ರೂಪದಲ್ಲಿ. ಮೂಗು ಮುರಿದವರು ಈಗ ಏನು ಹೇಳುತ್ತಾರೋ.

ಈ ರೋಗ ಎಷ್ಟು ಕೆಡಬಹುದೆಂಬುದಕ್ಕೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಉದಾಹರಣೆ ಸಾಕು. 2003ರಿಂದ 2005ರ ನಡುವೆ ಅಲ್ಲಿ ಕನಿಷ್ಠ 33 ಜನ ಇದರಿಂದ ಸತ್ತರು. ಅದೇ ವರ್ಷಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲೂ ಸಿಪ್ರೋಫ್ಲಾಕ್ಸಾಸಿನ್ ವರ್ಗದ ಔಷಧಿಗೆ ಬಗ್ಗದ ಉಗ್ರ ತಳಿಯೊಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿತು. ಸೌಲಭ್ಯಕ್ಕೆ ಕೊರತೆಯಿಲ್ಲದ ದೇಶಗಳ ಮಾತಿದು.

ನಮ್ಮ ಕಡೆಯ ಸ್ಥಿತಿ ನೋಡಿ. ಒಬ್ಬ ಅಜ್ಜಿಗೆ ಕೆಮ್ಮು ಎಂದುಕೊಳ್ಳಿ. ಮೊಮ್ಮಗ ಅಂಗಡಿಗೆ ಹೋಗಿ ಐದು ಗುಳಿಗೆ ತರುತ್ತಾನೆ, ಮೂರು ನುಂಗುವಷ್ಟರಲ್ಲಿ ಕೆಮ್ಮು ಕಡಿಮೆಯಾಗಿ ಎರಡು ಡಬ್ಬಿಯಲ್ಲಿ ಉಳಿಯುತ್ತವೆ. ವಾರದ ನಂತರ ಭೇದಿ. ಮತ್ತೆ ಅಂಗಡಿ. ಈಗ ಸಿಗುವುದು ಓಫ್ಲಾಕ್ಸಾಸಿನ್, ಆರ್ನಿಡಜೋಲ್ ಬೆರೆಸಿದ ಮಾತ್ರೆ, ಅಂದರೆ ಇನ್ನೊಂದು ಆಂಟಿಬಯೋಟಿಕ್. ಜೊತೆಗೆ ಭೇದಿಯನ್ನು ಕಟ್ಟಿಹಾಕುವ ಲೋಪೆರಮೈಡ್. ಖಾಲಿ ಕೆರೆಗೆ ಮತ್ತಷ್ಟು ವಿಷ ಬೆರೆಸಿ ತೂಬು ಮುಚ್ಚಿದಂತೆ! ಕರುಳಿನಲ್ಲಿ ಡಿಫಿಸಿಲ್ ಇದ್ದರೆ ಹೀಗೆ ಕಟ್ಟಿಹಾಕುವುದು ಅಪಾಯವೆಂದೇ ವೈದ್ಯರು ಎಚ್ಚರಿಸುತ್ತಾರೆ. ಹೊಟ್ಟೆ ಉಬ್ಬರಿಸಿ ಭೇದಿ ಒಮ್ಮೆಲೇ ನಿಂತರೆ ಮನೆಯವರಿಗೆ ಸಮಾಧಾನ, ಆದರೆ ರೋಗ ಕೈಮೀರುತ್ತಿರುವ ಗುರುತೂ ಅದಾಗಿರಬಹುದು. ಜ್ವರ, ಹೊಟ್ಟೆ ಉಬ್ಬರ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಮನೆಯಲ್ಲಿ ಕೂರುವಂತಿಲ್ಲ. ಕೇಂದ್ರ ಸರ್ಕಾರ 2013ರಲ್ಲಿ ಎಚ್-1 ಎಂಬ ಅನುಸೂಚಿ ಹೊರಡಿಸಿ, 2014ರ ಮಾರ್ಚ್‌ನಿಂದ ಹಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಮಾಡಿತು. ಕಾಗದದ ಮೇಲೆ ಅದು ಒಳ್ಳೆಯ ಕಾನೂನು.

ಕೊರಟಗೆರೆಯ ಸಿದ್ಧರಬೆಟ್ಟದ ಗಿಡಮೂಲಿಕೆಗಳ ಮೇಲೆ ನಮ್ಮ ಜನಕ್ಕಿರುವ ನಂಬಿಕೆ ನನಗೆ ಗೊತ್ತು. ಹಕೀಮರ ಬೇಲದ ಹಣ್ಣು, ಇಸಬಗೋಲು ಕೂಡ ಎಷ್ಟೋ ಮನೆಗಳಲ್ಲಿವೆ. ಸಾಧಾರಣ ಹೊಟ್ಟೆ ಕೆಡುಕಿಗೆ ಅವನ್ನು ಬೇಡವೆನ್ನುವವನು ನಾನಲ್ಲ. ಆದರೆ ಡಿಫಿಸಿಲ್‌ಗೆ ಅವು ಮದ್ದಲ್ಲ. ಯಾವ ಬಗೆಯ ಭೇದಿಗೂ ಮನೆಯಲ್ಲೇ ತಕ್ಷಣ ಕೊಡಬಹುದಾದದ್ದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಡ್ರಿಪ್ ಬಾಟಲಿ ಮುಗಿದಾಗ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಬಂದದ್ದು 2023ರಲ್ಲಿ. ಓಆರ್‌ಎಸ್ ಡಿಫಿಸಿಲ್ಲನ್ನು ಕೊಲ್ಲುವುದಿಲ್ಲ, ರೋಗಿಯನ್ನು ಆಸ್ಪತ್ರೆ ತಲುಪುವವರೆಗೆ ಹಿಡಿದಿಡುತ್ತದೆ.

ಕೋವಿಡ್ ಕಾಲದಲ್ಲಿ ಎಲ್ಲರ ಕೈಗೂ ಬಂದ ಸ್ಯಾನಿಟೈಸರ್ ಬಗ್ಗೆಯೂ ಹೇಳಬೇಕು. ಅದರ ಆಲ್ಕೊಹಾಲಿಗೆ ಈ ರೋಗಾಣುವಿನ ಬೀಜಕ ಸಾಯುವುದಿಲ್ಲ. ರೋಗಿಯನ್ನು ನೋಡಿಕೊಳ್ಳುವವರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ಉಜ್ಜಿ ತೊಳೆಯಬೇಕು, ಶೌಚಾಲಯಕ್ಕೆ ಬ್ಲೀಚಿಂಗ್ ನೀರು ಹಾಕಬೇಕು. ನೀರಿಗೇ ಬರವಿರುವ ಪಾವಗಡದ ಹಳ್ಳಿಯಲ್ಲಿ ಒಬ್ಬ ಭೇದಿಯ ರೋಗಿಯ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕಾದೀತೆಂಬುದನ್ನು ಅಲ್ಲಿಯ ಹೆಂಗಸರನ್ನು ಕೇಳಬೇಕು.

ಇನ್ನು ಪರೀಕ್ಷೆಯ ದಾರಿ. ಈ ರೋಗಾಣುವಿನ ವಿಷ ಬಹಳ ನಾಜೂಕು. ಮಲದ ಮಾದರಿಯನ್ನು ಹಾಗೇ ಬಿಸಿಲಲ್ಲಿ, ಕೋಣೆಯ ಶಾಖದಲ್ಲಿ ಇಟ್ಟರೆ ಎರಡು ಗಂಟೆಯೊಳಗೇ ಪರೀಕ್ಷೆಗೆ ಸಿಗದಷ್ಟು ನಶಿಸಬಹುದು. ಪಾವಗಡದಿಂದ ತುಮಕೂರು ಸುಮಾರು ನೂರು ಕಿಲೋಮೀಟರ್. ಬಸ್ಸಿನಲ್ಲಿ ಕರವಸ್ತ್ರ ಸುತ್ತಿದ ಡಬ್ಬಿ ಹಿಡಿದು ಹೊರಟರೆ, ರೋಗವಿದ್ದೂ ವರದಿ "ಇಲ್ಲ" ಎಂದು ಬರಬಹುದು. ತಣ್ಣಗಿದ್ದರೆ ತಾಳುತ್ತದೆ. ಪೋಲಿಯೋ ಹನಿ ತರಲು ಆರೋಗ್ಯ ಕಾರ್ಯಕರ್ತೆಯರು ಹೆಗಲಿಗೆ ಹಾಕಿಕೊಂಡು ಬರುವ ಆ ನೀಲಿ ಪೆಟ್ಟಿಗೆ, ಅದರೊಳಗಿನ ಮಂಜಿನ ಗಟ್ಟಿಗಳು ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಸವಲ್ಲ. ಮಾದರಿ ಒಯ್ಯಲು ಬೇಕಾದದ್ದು ಅಂಥದೇ ಇನ್ನೊಂದು ಪೆಟ್ಟಿಗೆ, ಮತ್ತು ಚೀಟಿಯ ಮೇಲೆ ರೋಗಿ ಕಳೆದ ಮೂರು ತಿಂಗಳಲ್ಲಿ ನುಂಗಿದ ಮಾತ್ರೆಗಳ ಹೆಸರು.